ಪದ ಪರಿಚಯ: ಮರ್ಸೆನ್ ಅವಿಭಾಜ್ಯ

2ನ್ನು 2ರಿಂದಲೇ ಗುಣಿಸುತ್ತ ಹೋಗಿ, ಬಂದದ್ದರಲ್ಲಿ ಒಂದು ಕಳೆಯಿರಿ: 3, 7, 15, 31, 63, 127... ಇವುಗಳಲ್ಲಿ ಅವಿಭಾಜ್ಯವಾದವು, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದವು, ಮರ್ಸೆನ್ ಅವಿಭಾಜ್ಯಗಳು. ಫ್ರಾನ್ಸಿನ ಪಾದ್ರಿ ಮರಿನ್ ಮರ್ಸೆನ್ 1644ರಲ್ಲಿ ಇವುಗಳ ಪಟ್ಟಿಯೊಂದನ್ನು ಕೊಟ್ಟಿದ್ದ. ಎಷ್ಟು 2ಗಳನ್ನು ಗುಣಿಸಿದ್ದೇವೋ ಆ ಎಣಿಕೆಯೇ ಘಾತ. ಅವನ ಪಟ್ಟಿಯಲ್ಲಿ 67 ಮತ್ತು 257ನೇ ಘಾತಗಳು ತಪ್ಪಾಗಿ ಸೇರಿದ್ದವು. 61, 89, 107 ಬಿಟ್ಟುಹೋಗಿದ್ದವು. ಹೆಸರು ಮಾತ್ರ ಉಳಿಯಿತು.

ಘಾತ ಅವಿಭಾಜ್ಯವಾಗಿರಲೇಬೇಕು, ಆದರೆ ಅಷ್ಟೇ ಸಾಲದು. 11 ಅವಿಭಾಜ್ಯ. 2ರ 11ನೇ ಘಾತ 2048. ಒಂದು ಕಳೆದರೆ 2047. ಅದು 23 × 89. ಈ ಎರಡು ಅಪವರ್ತನಗಳನ್ನು ಒಂದು ಗಳಿಗೆ ನೋಡಿ. 23 ಎಂದರೆ 22ಕ್ಕೆ ಒಂದು ಕೂಡಿದ್ದು, 89 ಎಂದರೆ 88ಕ್ಕೆ ಒಂದು ಕೂಡಿದ್ದು. ಎರಡೂ 22ರ ಮಗ್ಗಿಗಿಂತ ಒಂದು ಹೆಚ್ಚು, ಆ 22 ಎಂದರೆ ಘಾತ 11ರ ಇಮ್ಮಡಿ. ಇದು ಆಕಸ್ಮಿಕವಲ್ಲ. ಘಾತ ಬೆಸ ಅವಿಭಾಜ್ಯವಾಗಿದ್ದರೆ ಪ್ರತಿ ಅಪವರ್ತನವೂ ಹೀಗೇ ಇರಬೇಕು. ಭಾಗಿಸಿ ನೋಡುವ ಮೊದಲೇ ಸಂಖ್ಯೆ ತನ್ನ ಗುಟ್ಟನ್ನು ಅರ್ಧ ಬಿಟ್ಟುಕೊಟ್ಟಿರುತ್ತದೆ. ಮರ್ಸೆನ್ ಸಂಖ್ಯೆಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಗುಣ ಇದು.

ಇದರ ಬಲ ಕಾಣುವುದು 31ನೇ ಘಾತದಲ್ಲಿ. ಅಲ್ಲಿ ಬರುವ ಸಂಖ್ಯೆ 2147483647, ಇನ್ನೂರ ಹದಿನಾಲ್ಕು ಕೋಟಿಗೂ ಮೇಲೆ. ವರ್ಗಮೂಲ 46 ಸಾವಿರ ದಾಟುವುದರಿಂದ, ಸುಮ್ಮನೆ ಭಾಗಿಸುತ್ತ ಕೂತರೆ ನಾಲ್ಕು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳನ್ನು ಪರೀಕ್ಷಿಸಬೇಕು. ಆದರೆ ಮೇಲಿನ ನಿಯಮಕ್ಕೆ ಇನ್ನೊಂದು ನಿಯಮ (ಅಪವರ್ತನವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು) ಸೇರಿಸಿದರೆ, 248ರ ಮಗ್ಗಿಗೆ 1 ಅಥವಾ 63 ಕೂಡಿ ಬರುವ ಸಂಖ್ಯೆಗಳಷ್ಟೇ ಉಳಿಯುತ್ತವೆ, ನಾನೂರಕ್ಕೂ ಕಡಿಮೆ. ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಈ ದಾರಿಯಲ್ಲಿ ಹೋಗಿ ಇದು ಅವಿಭಾಜ್ಯವೆಂದು ಸಾಧಿಸಿದ. 1772ರಲ್ಲಿ ಇನ್ನೊಬ್ಬ ಗಣಿತಜ್ಞ ಡೇನಿಯಲ್ ಬರ್ನೌಲಿಗೆ ಬರೆದ ಪತ್ರದಲ್ಲಿ ಅದನ್ನು ತಿಳಿಸಿದ. ಆಗ ಆಯ್ಲರನಿಗೆ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು.

(ಕಂಪ್ಯೂಟರಿನ 31 ಬಿಟ್‌ಗಳಲ್ಲೂ 1 ತುಂಬಿದರೆ ಬರುವುದೂ ಇದೇ ಸಂಖ್ಯೆ. ಒಂದು ಬಿಟ್ ಅನ್ನು ಧನ–ಋಣ ಚಿಹ್ನೆಗೆ ಮೀಸಲಿಟ್ಟು, 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತಿರುವ ಹಳೆಯ 32 ಬಿಟ್ ವ್ಯವಸ್ಥೆಗಳ ಎಣಿಕೆ ಇಲ್ಲಿಗೇ ಮುಗಿಯುತ್ತದೆ: 2038ರ ಜನವರಿ 19, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ.)

ಇನ್ನೂ ದೊಡ್ಡವಕ್ಕೆ ಅಪವರ್ತನಗಳನ್ನು ಹುಡುಕುವುದೇ ಬೇಡದ ಲೂಕಾಸ್–ಲೆಹ್ಮರ್ ಪರೀಕ್ಷೆ ಇದೆ. ಉದಾಹರಣೆಗೆ 31 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ, ಅದು 2ರ 5ನೇ ಘಾತದಿಂದ ಒಂದು ಕಳೆದದ್ದು. 4ರಿಂದ ಶುರುಮಾಡಿ, ವರ್ಗ ಮಾಡಿ 2 ಕಳೆದರೆ 14. ಮತ್ತೆ ಹಾಗೇ ಮಾಡಿದರೆ 194; 31ರಿಂದ ಭಾಗಿಸಿದಾಗ ಶೇಷ 8. ಆ 8ಕ್ಕೆ ಇನ್ನೊಮ್ಮೆ ಹಾಗೇ ಮಾಡಿದರೆ 62, ಶೇಷ ಸೊನ್ನೆ. ಘಾತಕ್ಕಿಂತ ಎರಡು ಕಡಿಮೆ ಹೆಜ್ಜೆಗಳಲ್ಲಿ, ಅಂದರೆ ಇಲ್ಲಿ ಮೂರರಲ್ಲಿ, ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ. 2024ರ ಅಕ್ಟೋಬರಿನಲ್ಲಿ 2ರ 136279841ನೇ ಘಾತದಿಂದ ಒಂದು ಕಳೆದ ಸಂಖ್ಯೆ ಅವಿಭಾಜ್ಯವೆಂದು ಖಚಿತವಾದದ್ದೂ ಇದೇ ಲೆಕ್ಕದಿಂದ. ಅದರಲ್ಲಿರುವ ಅಂಕಿಗಳು 4,10,24,320.