ಪದ ಪರಿಚಯ: ಒಇಎಂ ಮತ್ತು ರಿಟೇಲ್

ಶಿವಮೊಗ್ಗದಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿಗೆ ಹೋಗಿ, ಕಂಪ್ಯೂಟರಿನ ಮಿದುಳೆನಿಸಿದ ಚಿಪ್ಪಾದ ಪ್ರೊಸೆಸರ್‌ನ ಬೆಲೆ ವಿಚಾರಿಸಿದರೆ, ಉತ್ತರಕ್ಕೆ ಮೊದಲು ಮರುಪ್ರಶ್ನೆಯೊಂದು ಬರುವುದುಂಟು: ‘ಬಾಕ್ಸ್ ಪೀಸ್ ಬೇಕಾ ಸಾರ್, ಟ್ರೇ ಪೀಸ್ ಸಾಕಾ?’ ಇಲ್ಲಿ ಟ್ರೇ ಪೀಸ್ ಎನಿಸಿಕೊಂಡದ್ದೇ ದರಪಟ್ಟಿಯಲ್ಲಿ ಒಇಎಂ ಎಂದಿರುತ್ತದೆ. ಬಾಕ್ಸ್ ಪೀಸ್ ಎಂದರೆ ರಿಟೇಲ್, ಅಂದರೆ ಬಿಡಿಯಾಗಿ ಕೊಳ್ಳುವ ಗಿರಾಕಿಗೆಂದೇ ಬಾಕ್ಸ್ ಕಟ್ಟಿದ ಮಾಲು.

ಒಇಎಂ ಎಂಬುದು ‘ಒರಿಜಿನಲ್ ಇಕ್ವಿಪ್‌ಮೆಂಟ್ ಮ್ಯಾನುಫ್ಯಾಕ್ಚರರ್’ ಎಂಬುದರ ಮೊದಲಕ್ಷರಗಳು. ಹುಟ್ಟಿನಲ್ಲಿ ಇದು ತಯಾರಕನಿಗೆ ಸಲ್ಲುವ ಹೆಸರು. ಕಂಪ್ಯೂಟರ್ ವ್ಯಾಪಾರದಲ್ಲಿ ಹೇಳುವುದಾದರೆ, ಬಿಡಿಭಾಗಗಳನ್ನು ಸಗಟಾಗಿ ಕೊಂಡು, ಜೋಡಿಸಿ, ತಮ್ಮ ಹೆಸರಿನಲ್ಲಿ ಮಾರುವ ಡೆಲ್, ಎಚ್‌ಪಿ, ಲೆನೊವೊಗಳಂಥ ಕಂಪನಿಗಳು. ಅಂಥವರಿಗೆಂದು ಹೊರಟ ಮಾಲು ‘ಒಇಎಂ ಮಾಲು’ ಆಯಿತು. ಬಳಕೆಯಲ್ಲಿ ಸವೆದು ಒಇಎಂ ಅಷ್ಟೇ ಉಳಿಯಿತು. ವಿಚಿತ್ರವೆಂದರೆ ಬೈಕು, ಕಾರುಗಳ ಬಿಡಿಭಾಗದ ಅಂಗಡಿಯಲ್ಲಿ ಒಇಎಂ ಎಂದರೆ ಅಸಲಿ ಎಂಬ ಹೊಗಳಿಕೆ. ಕಂಪ್ಯೂಟರ್ ಅಂಗಡಿಯಲ್ಲಿ ಅದೇ ಮಾತು ಕೇಳಿದ ಗಿರಾಕಿಗೆ ಅನುಮಾನ ಶುರುವಾಗುತ್ತದೆ.

ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯನ್ನು ವಿಂಗಡಿಸಿಯೇ ದರ ಕಟ್ಟುವ ಮಲೆನಾಡಿನವರು ಒಇಎಂ ಕೂಡ ಗೊರಬಲಿನಂಥ ಕೆಳದರ್ಜೆಯಿರಬೇಕೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಒಂದೇ ಮಾದರಿ ಸಂಖ್ಯೆಯ ಪ್ರೊಸೆಸರ್ ಟ್ರೇಯಲ್ಲಿ ಬಂದರೂ ಬಾಕ್ಸಿನಲ್ಲಿ ಬಂದರೂ ಚಿಪ್ ಒಂದೇ, ವೇಗವೂ ಒಂದೇ. ಒಂದೇ ರಾಶಿ ಅಡಿಕೆಯನ್ನು ಚೀಲಕ್ಕೆ ತುಂಬಿ ಮಂಡಿಗೆ ಹಾಕುವುದಕ್ಕೂ ಪೊಟ್ಟಣ ಕಟ್ಟಿ ಅಂಗಡಿಯಲ್ಲಿಡುವುದಕ್ಕೂ ಇರುವಷ್ಟೇ ಅಂತರ ಇದು.

ಟ್ರೇ ಎಂಬುದು ಸಾಲುಸಾಲು ಗುಳಿಗಳುಳ್ಳ ಪ್ಲಾಸ್ಟಿಕ್ ತಟ್ಟೆ; ಒಂದೊಂದು ಗುಳಿಯಲ್ಲಿ ಒಂದೊಂದು ಪ್ರೊಸೆಸರ್. ಕೂಲರ್ (ಪ್ರೊಸೆಸರನ್ನು ತಂಪಾಗಿಡುವ ಫ್ಯಾನು), ಕೈಪಿಡಿ, ಸೀಲು ಯಾವುದೂ ಇರುವುದಿಲ್ಲ. ಬಾಕ್ಸಿನಲ್ಲಾದರೆ ಹಲವು ಮಾದರಿಗಳ ಜೊತೆ ಥರ್ಮಲ್ ಪೇಸ್ಟ್ (ಶಾಖ ದಾಟಿಸುವ ಲೇಪ) ಮೆತ್ತಿದ ಕೂಲರ್ ಇರುತ್ತದೆ. ಅಗ್ಗವೆಂದು ಟ್ರೇ ಪೀಸ್ ಕೊಂಡು ಕೂಲರನ್ನು ಬೇರೆಯಾಗಿ ಕೊಳ್ಳುವಾಗ ಉಳಿತಾಯವಾದ ಹಣದಲ್ಲಿ ಒಂದು ಪಾಲು ಅಲ್ಲೇ ಕರಗುತ್ತದೆ.

ನಿಜವಾದ ವ್ಯತ್ಯಾಸವಿರುವುದು ವಾರಂಟಿಯಲ್ಲಿ. ಇಂಟೆಲ್, ಎಎಮ್‌ಡಿ ಕಂಪನಿಗಳ ಬಾಕ್ಸ್ ಪ್ರೊಸೆಸರ್‌ಗೆ ಸಾಮಾನ್ಯವಾಗಿ 3 ವರ್ಷದ ವಾರಂಟಿ ಇದ್ದು, ಬಳಕೆದಾರನೇ ನೇರವಾಗಿ ಕಂಪನಿಯನ್ನು ಕೇಳಬಹುದು. ಟ್ರೇ ಪೀಸ್ ಕೆಟ್ಟರೆ ಕಂಪನಿಯ ಲೆಕ್ಕದಲ್ಲಿ ಅದನ್ನು ಸಗಟಾಗಿ ಕೊಂಡ ಕಂಪ್ಯೂಟರ್ ತಯಾರಕನೇ ಗಿರಾಕಿ, ನಾವಲ್ಲ. ಆದ್ದರಿಂದ ಮಾರಿದವರ ಬಳಿಗೇ ಹೋಗಬೇಕು. ಹಾರ್ಡ್ ಡಿಸ್ಕಿನದೂ ಇದೇ ಕಥೆ. ಬೆಳ್ಳಿಬಣ್ಣದ ಆಂಟಿಸ್ಟ್ಯಾಟಿಕ್ (ಸ್ಥಿರವಿದ್ಯುತ್ ತಡೆಯುವ) ಚೀಲದಲ್ಲಷ್ಟೇ, ಬಾಕ್ಸಿಲ್ಲದೆ ಬಂದಿದ್ದ ನನ್ನ ಹಾರ್ಡ್ ಡಿಸ್ಕ್ ಕೈಕೊಟ್ಟಾಗ, ಅದರ ಸೀರಿಯಲ್ ನಂಬರನ್ನು ತಯಾರಕರ ಜಾಲತಾಣದಲ್ಲಿ ಹಾಕಿ ನೋಡಿದೆ. ಮಾರಿದವರನ್ನು ಸಂಪರ್ಕಿಸಿ ಎಂಬ ಒಂದೇ ಸಾಲು ಬಂತು. ಬಿಲ್ಲಿನಲ್ಲಿ ಆ ನಂಬರನ್ನು ಬರೆಸಿಕೊಂಡಿರಲಿಲ್ಲವಾದ್ದರಿಂದ, ಡಿಸ್ಕು ತಮ್ಮ ಅಂಗಡಿಯದೇ ಎಂದು ಅವರನ್ನು ಒಪ್ಪಿಸುವುದಕ್ಕೇ ಎರಡು ಸಲ ಓಡಾಡಬೇಕಾಯಿತು. ಹೊಸನಗರದಿಂದಲೋ ತೀರ್ಥಹಳ್ಳಿಯಿಂದಲೋ ಬಸ್ಸು ಹತ್ತಿ ಬರುವವರಿಗೆ ಒಂದು ಓಡಾಟವೆಂದರೆ ಒಂದು ದಿನದ ಕೆಲಸ ಕೆಟ್ಟಂತೆ.

ತಂತ್ರಾಂಶದಲ್ಲಿ ಈ ಭೇದ ಇನ್ನೂ ಬಿಗಿ. ವಿಂಡೋಸ್‌ನ ಒಇಎಂ ಪರವಾನಗಿ ಮೊದಲು ಅಳವಡಿಸಿದ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. 2012ರಲ್ಲಿ ವಿಂಡೋಸ್ 8 ಬಂದಲ್ಲಿಂದ ಬ್ರ್ಯಾಂಡೆಡ್ ಲ್ಯಾಪ್‌ಟಾಪ್‌ಗಳಲ್ಲಿ ಅದರ ಕೀ (ಪರವಾನಗಿಯ ಗುರುತಿನ ಅಕ್ಷರ-ಅಂಕಿಗಳ ಸಾಲು) ಯಂತ್ರದ ಮುಖ್ಯ ಫಲಕವಾದ ಮದರ್‌ಬೋರ್ಡಿನೊಳಗೇ ಅಡಗಿರುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಸಿಡಿಲು ಹೊಡೆದು ಯಂತ್ರ ಸುಟ್ಟುಹೋದರೆ (ಇಂಥ ಹಾನಿಗೆ ಬಾಕ್ಸ್ ಪೀಸಿನ ವಾರಂಟಿಯೂ ಸಾಮಾನ್ಯವಾಗಿ ಒದಗುವುದಿಲ್ಲ) ಆ ಪರವಾನಗಿಯನ್ನು ಹೊಸ ಕಂಪ್ಯೂಟರಿಗೆ ಒಯ್ಯುವಂತಿಲ್ಲ. ರಿಟೇಲ್ ಪರವಾನಗಿಯಾಗಿದ್ದರೆ ಅದೇ ಕೀಯನ್ನು ಹೊಸ ಯಂತ್ರಕ್ಕೆ ಹಾಕಿಕೊಳ್ಳಬಹುದು.