ಚಾರ್ಮಾಡಿಯ ಬಿಸಿ, ಟ್ರ್ಯಾಕಿನ ಬಿಸಿ

ರಜೆಯ ದಿನ ಚಾರ್ಮಾಡಿ ಘಾಟಿ ಇಳಿದು ಕೆಳಗೆ ಒಂದು ಟೀ ಕುಡಿಯಲು ನಿಂತರೆ ಒಂದು ವಾಸನೆ ಬರುತ್ತದೆ. ಸುಟ್ಟ ರಬ್ಬರಿನ ಹಾಗೆ ಇರುತ್ತದೆ, ಆದರೆ ಅದಕ್ಕಿಂತ ಖಾರ. ಗಂಟಲಿಗೆ ಹತ್ತುತ್ತದೆ. ಕೊಟ್ಟಿಗೆಹಾರದಿಂದ ಕೆಳಗಿನವರೆಗೂ ಗೇರು ಇಳಿಸದೆ ಬರೀ ಬ್ರೇಕ್ ಒತ್ತಿಕೊಂಡು ಬಂದ ಕಾರುಗಳ ಚಕ್ರದ ವಾಸನೆ ಅದು. ನಮ್ಮ ಕಡೆ ಡ್ರೈವಿಂಗ್ ಕಲಿಸುವವರು ಮೊದಲು ಹೇಳುವ ಮಾತೇ "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ" ಅಂತ. ನನಗೂ ಅಪ್ಪ ಹಾಗೇ ಹೇಳಿಕೊಟ್ಟರು. ಇಷ್ಟು ವರ್ಷ ಘಾಟಿಯಲ್ಲಿ ಓಡಿಸಿದ ಮೇಲೆ, ಬ್ರೇಕ್ ಬಿಸಿಯಾಗುವುದು ಅಂದರೆ ಏನು ಅಂತ ನನಗೆ ಗೊತ್ತಿದೆ ಅಂದುಕೊಂಡಿದ್ದೆ.

ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ 3.7 ಕಿಲೋಮೀಟರ್ ಉದ್ದದ ರೇಸ್ ಟ್ರ್ಯಾಕ್ ಇದೆ. ನಮ್ಮಂಥವರು ದಿನಾ ಓಡಿಸುವ ಕಾರನ್ನೇ ತಂದು ಅಲ್ಲಿ ಓಡಿಸಬಹುದಾದ ದಿನಗಳಿರುತ್ತವೆ. ಟ್ರ್ಯಾಕ್ ಡೇ ಅಂತಾರೆ. ಅಲ್ಲಿ ಗೆಲ್ಲೋದು ಸೋಲೋದು ಇಲ್ಲ. ಒಂದಷ್ಟು ಸುತ್ತು ಓಡಿಸಿ ಬರೋದು, ಕಾರು ತಣ್ಣಗಾದ ಮೇಲೆ ಮತ್ತೆ ಹೋಗೋದು. ಚಿಕ್ಕಮಗಳೂರಿನಿಂದ ಐನೂರು ಕಿಲೋಮೀಟರಿಗೂ ಜಾಸ್ತಿ ದೂರ. ಅದೇ ಕಾರಿನಲ್ಲಿ ಹೋಗಬೇಕು, ಅದೇ ಕಾರಿನಲ್ಲಿ ವಾಪಸ್ ಬರಬೇಕು.

ಮೊದಲ ಸಲ ಹೋದಾಗ, ನಾಲ್ಕನೇ ಸುತ್ತಿನಲ್ಲಿ, ನೇರ ದಾರಿ ಮುಗಿಯುವ ಜಾಗದಲ್ಲಿ ಬ್ರೇಕ್ ಒತ್ತಿದೆ. ಪೆಡಲ್ ಕಲ್ಲಿನಂತೆ ಗಟ್ಟಿ ಇತ್ತು. ಕಾರು ಮಾತ್ರ ನಿಧಾನ ಆಗಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಏನೂ ವ್ಯತ್ಯಾಸ ಇಲ್ಲ. ತಿರುವು ತಪ್ಪಿ ಪಕ್ಕದ ಮಣ್ಣಿಗೆ ಇಳಿದು, ಅಲ್ಲಿ ಹೇಗೋ ನಿಂತೆ. ಕಿಟಕಿ ಇಳಿಸಿದರೆ ಚಾರ್ಮಾಡಿ ಕೆಳಗಿನ ಅದೇ ವಾಸನೆ. ಕೈ ನಡುಗುತ್ತಿತ್ತು.

ಹೊಸ ಬ್ರೇಕ್ ಪ್ಯಾಡ್ ಹಾಕಿಸಿಕೊಂಡು ಹೋಗಿದ್ದೆ. ಘಾಟಿಯಲ್ಲಿ ಒಂದು ದಿನವೂ ಕೈಕೊಡದ ಅದೇ ಬಗೆಯ ಪ್ಯಾಡ್ ಇಲ್ಲಿ ಎಂಟು ನಿಮಿಷಕ್ಕೆ ಯಾಕೆ ಸೋತಿತು? ಮನೆಗೆ ಬಂದು ಕಾಗದ ಪೆನ್ನು ಹಿಡಿದು ಕೂತೆ.

ಬ್ರೇಕಿನ ಕೆಲಸ ಒಂದೇ, ಓಟವನ್ನು ಬಿಸಿ ಮಾಡುವುದು. ಇಬ್ಬರು ಕೂತ ಒಂದು ಸಣ್ಣ ಕಾರು 1200 ಕೆಜಿ ಅಂತ ಇಟ್ಟುಕೊಳ್ಳಿ. ಅದು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದಾಗ ಅದರೊಳಗಿನ ಚಲನೆಯ ಶಕ್ತಿ ಸುಮಾರು 460 ಕಿಲೋಜೂಲ್. ಒಂದೂವರೆ ಲೀಟರ್ ತಣ್ಣೀರು ಕುದಿ ಬರಲು ಹೆಚ್ಚುಕಮ್ಮಿ ಇಷ್ಟೇ ಬಿಸಿ ಬೇಕು. ಒಂದು ಸಲ ಗಕ್ಕನೆ ನಿಲ್ಲಿಸಿದರೆ ಅಷ್ಟೂ ಬಿಸಿ ಚಕ್ರದ ಜೊತೆ ತಿರುಗುವ ಕಬ್ಬಿಣದ ಡಿಸ್ಕಿಗೆ, ಅದನ್ನು ಅದುಮಿ ಹಿಡಿಯುವ ಪ್ಯಾಡಿಗೆ, ಸ್ವಲ್ಪ ಟೈರಿಗೆ ಹೋಗುತ್ತದೆ.

ಈಗ ಮುಳ್ಳಯ್ಯನಗಿರಿಯ ರಸ್ತೆ ಮುಗಿಯುವ ಜಾಗದಿಂದ ಊರಿಗೆ ಇಳಿಯೋಣ. ಸುಮಾರು 750 ಮೀಟರ್ ಇಳಿತ. ಎಂಜಿನ್ ಒಂದು ಚೂರೂ ಹಿಡಿಯಲಿಲ್ಲ, ಗಾಳಿಯೂ ತಡೆಯಲಿಲ್ಲ, ಪೂರ್ತಿ ಬ್ರೇಕಿನಲ್ಲೇ ಇಳಿದೆವು ಅಂದುಕೊಂಡರೂ ಹುಟ್ಟುವ ಬಿಸಿ ಸುಮಾರು 8800 ಕಿಲೋಜೂಲ್. ದೊಡ್ಡ ಲೆಕ್ಕವೇ. ಆದರೆ ಅದು ನಲವತ್ತು ನಿಮಿಷಕ್ಕೆ ಹಂಚಿಹೋಗುತ್ತದೆ. ಗಿರಿಯ ತಣ್ಣನೆ ಗಾಳಿ ಡಿಸ್ಕಿಗೆ ಬಡಿಯುತ್ತಲೇ ಇರುತ್ತದೆ.

ಟ್ರ್ಯಾಕಿನಲ್ಲಿ ವೇಗವನ್ನು 150ರಿಂದ 60ಕ್ಕೆ ಇಳಿಸಲು ಸಿಗುವುದು ಮೂರು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ 875 ಕಿಲೋಜೂಲ್ ಬಿಸಿಯಾಗಬೇಕು. ಅದನ್ನು ಹಾರ್ಸ್‌ಪವರಿಗೆ ತಿರುಗಿಸಿ ನೋಡಿದಾಗ ನನಗೇ ನಂಬಲಾಗಲಿಲ್ಲ. 400! ಎಂಜಿನ್ನಿನ ತಾಕತ್ತು 90 ಇರುವ ಕಾರಿನಲ್ಲಿ ಬ್ರೇಕ್ ಆ ಮೂರು ಸೆಕೆಂಡು 400 ಹಾರ್ಸ್‌ಪವರಿನ ಕೆಲಸ ಮಾಡುತ್ತದೆ. ಇದರಲ್ಲಿ ಮುಕ್ಕಾಲು ಪಾಲಿಗೆ ಹತ್ತಿರದಷ್ಟು ಮುಂದಿನ ಎರಡು ಚಕ್ರಗಳದ್ದೇ. ಐದು ಕೆಜಿಯ ಡಿಸ್ಕ್ ಒಂದೇ ಏಟಿಗೆ 120 ಡಿಗ್ರಿಯಷ್ಟು ಬಿಸಿ ಏರುತ್ತದೆ. ಅದು ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ಒಂದು ಸುತ್ತಿಗೆ ದೊಡ್ಡದು ಚಿಕ್ಕದು ಸೇರಿ 2500 ಕಿಲೋಜೂಲ್ ಅಂತ ಹಿಡಿದರೂ, ಮೂರೂವರೆ ಸುತ್ತಿಗೆ ಮುಳ್ಳಯ್ಯನಗಿರಿ ಇಳಿದಷ್ಟೇ ಬಿಸಿ. ನಲವತ್ತು ನಿಮಿಷದ ಕೆಲಸ ಎಂಟು ನಿಮಿಷದಲ್ಲಿ. ನನ್ನ ಪ್ಯಾಡ್ ಸೋತ ಹೊತ್ತೂ ಅದೇ.

ಹಾಗಾಗಿ ಪ್ಯಾಡ್ ಕೊಳ್ಳುವಾಗ "ಇದು ಚೆನ್ನಾಗಿ ಹಿಡಿಯುತ್ತಾ?" ಅಂತ ಕೇಳಿದರೆ ಸಾಲದು. "ಎಷ್ಟು ಡಿಗ್ರಿಯಿಂದ ಎಷ್ಟು ಡಿಗ್ರಿವರೆಗೆ ಹಿಡಿಯುತ್ತೆ?" ಅಂತ ಕೇಳಬೇಕು.

ಒಂದು ಹೊಸ ಪ್ಯಾಡನ್ನು ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದು ನೋಡಿ. ಹಿಂದೆ ಕಬ್ಬಿಣದ ತಗಡು. ಮುಂದೆ ಬೆರಳಿನಷ್ಟು ದಪ್ಪಕ್ಕೆ ಬೂದು ಬಣ್ಣದ ಗಟ್ಟಿ ಹೂರಣ. ಓರೆ ಮಾಡಿದರೆ ಅಲ್ಲಲ್ಲಿ ಲೋಹದ ಚೂರು ಮಿಂಚುತ್ತದೆ. ಉಕ್ಕಿನ ಎಳೆ, ಅರಾಮಿಡ್ ನಾರು, ಗ್ರಾಫೈಟ್, ಬೇರಿಯಂ ಸಲ್ಫೇಟ್ ಪುಡಿ, ಸ್ವಲ್ಪ ರಬ್ಬರ್, ಉಜ್ಜುವುದಕ್ಕೆ ಅಲ್ಯೂಮಿನಾದಂಥ ಗಟ್ಟಿ ಕಾಳು, ಹೀಗೆ ಹತ್ತಾರು ಸಾಮಾನು ಅದರಲ್ಲಿರುತ್ತದೆ. ಇಷ್ಟನ್ನೂ ಫೀನಾಲಿಕ್ ಎಂಬ ಅಂಟಿನಲ್ಲಿ ಕಲೆಸಿ, ಬಿಸಿ ಮಾಡಿ ಒತ್ತಿರುತ್ತಾರೆ. ಪ್ರತಿ ಕಂಪನಿಗೂ ಅದರದೇ ಪಾಕ. ಬಹಳಷ್ಟು ಪ್ಯಾಡುಗಳಲ್ಲಿ ಇನ್ನೊಂದು ವಸ್ತುವೂ ಇರುತ್ತದೆ, ಅದು ನಮ್ಮ ಘಾಟಿಯ ಕೆಳಗಿನವರಿಗೆ ಚೆನ್ನಾಗಿ ಗೊತ್ತಿರುವಂಥದ್ದು. ಗೇರುಬೀಜದ ಸೊನೆ. ಸಿಪ್ಪೆ ಒಡೆಯುವಾಗ ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳಿಸುವ ಅದೇ ಎಣ್ಣೆ. ಅದನ್ನು ಗಟ್ಟಿ ಮಾಡಿ, ಪುಡಿ ಮಾಡಿ ಪ್ಯಾಡಿಗೆ ಬೆರೆಸುತ್ತಾರೆ. ಫೀನಾಲಿಕ್ ಅಂಟು ಗಾಜಿನಂತೆ ಬಿರುಸು. ಗೇರಿನ ಪುಡಿ ಅದಕ್ಕೆ ಮೆತ್ತನೆಯ ಗುಣ ಕೊಡುತ್ತದೆ. ಹಿಡಿತ ಸಮನಾಗುತ್ತದೆ, ಕಿರುಚಾಟ ಕಡಿಮೆಯಾಗುತ್ತದೆ. ಪ್ರಪಂಚದ ಎಷ್ಟೋ ಕಾರುಗಳ ಬ್ರೇಕಿನಲ್ಲಿ ಗೇರುಬೀಜದ ಪಾಲಿದೆ ಅನ್ನುವುದು ತಿಳಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಪ್ಯಾಡ್ ಡಿಸ್ಕನ್ನು ಹಿಡಿಯುವುದು ಎರಡು ಬಗೆಯಲ್ಲಿ. ಒಂದು, ಉಪ್ಪುಕಾಗದದ ಹಾಗೆ ಕೆರೆದು ಹಿಡಿಯುವುದು. ಇನ್ನೊಂದು, ತನ್ನದೇ ಒಂದು ತೆಳು ಪದರವನ್ನು ಡಿಸ್ಕಿನ ಮೇಲೆ ಹಚ್ಚಿ, ಆ ಪದರಕ್ಕೆ ಅಂಟಿ ಹಿಡಿಯುವುದು. ಬಿಸಿ ಏರಿದ ಹಾಗೆಲ್ಲ ಎರಡನೆಯದೇ ಮುಖ್ಯ. ಅದಕ್ಕೇ ಹೊಸ ಪ್ಯಾಡನ್ನು ಪಳಗಿಸಬೇಕು. ಹೊಸ ದೋಸೆ ಕಾವಲಿಯನ್ನು ಎಣ್ಣೆ ಹಚ್ಚಿ ಕಾಯಿಸಿ ಪಳಗಿಸುತ್ತೇವಲ್ಲ, ಹಾಗೇ. ಮೊದಲ ಸಲ ನಾನು ಮಾಡದೇ ಬಿಟ್ಟದ್ದು ಇದನ್ನೇ. ಗ್ಯಾರೇಜಿನಿಂದ ನೇರ ಟ್ರ್ಯಾಕಿಗೆ ಹೋಗಿದ್ದೆ.

ಆ ಫೀನಾಲಿಕ್ ಅಂಟಿನ ಸಮಸ್ಯೆ ಏನೆಂದರೆ 300ರಿಂದ 400 ಡಿಗ್ರಿ ನಡುವೆ ಅದು ಸುಡಲು ಶುರುವಾಗುತ್ತದೆ. ಸುಟ್ಟಾಗ ಅನಿಲ ಹೊರಡುತ್ತದೆ. ಆ ಅನಿಲ, ಮೇಲ್ಮೈಯಲ್ಲಿ ಕರಗಿದ ಜಿಡ್ಡು ಎರಡೂ ಸೇರಿ ಪ್ಯಾಡ್ ಜಾರುತ್ತದೆ. ಒಂದು ಸಲವೂ ಕಾಯದ ಹೊಸ ಪ್ಯಾಡಿನಲ್ಲಿ ಇದು ಇನ್ನೂ ಜಾಸ್ತಿ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದೆ ಇದ್ದದ್ದು ಇದರಿಂದಲೇ. ರಸ್ತೆಯ ಪ್ಯಾಡುಗಳಲ್ಲಿ ಬಹುಪಾಲು 400 ಡಿಗ್ರಿಯ ಆಸುಪಾಸಿನಲ್ಲಿ ಕೈಚೆಲ್ಲುತ್ತವೆ. ಟ್ರ್ಯಾಕಿನಲ್ಲಿ ಡಿಸ್ಕ್ 500, 600 ಮುಟ್ಟುವುದು ಮಾಮೂಲು. ಕತ್ತಲಲ್ಲಿ ನೋಡಿದರೆ ಕೆಂಪಗೆ ಕಾಣುತ್ತದೆ.

ಎರಡನೇ ಸಲ ಬಿಸಿ ತಡೆಯುವ ಪ್ಯಾಡ್ ಹಾಕಿಸಿದೆ, ಪಳಗಿಸಿಯೂ ಹೋದೆ. ಆರು ಸುತ್ತು ಬಹಳ ಚೆನ್ನಾಗಿತ್ತು. ಏಳನೇ ಸುತ್ತಿನಲ್ಲಿ ಪೆಡಲ್ ಮೆತ್ತಗಾಗಿ ಒಳಗೆ ಹೋಯಿತು. ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಹಿಡಿಯಿತು. ಈ ಸಲ ಪ್ಯಾಡ್ ಸರಿಯಾಗಿಯೇ ಇತ್ತು. ಕುದಿದದ್ದು ಬ್ರೇಕ್ ಆಯಿಲ್, ಪೆಡಲ್ ಒತ್ತಿದ ಬಲವನ್ನು ಪ್ಯಾಡಿಗೆ ಮುಟ್ಟಿಸುವ ದ್ರವ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಅದೇ ಆಯಿಲಿಗೆ ನೂರಕ್ಕೆ 3.7 ಪಾಲು ನೀರು ಸೇರಿದರೆ 155 ಡಿಗ್ರಿ ದಾಟಿದರೆ ಸಾಕು ಅಂತ ಅದೇ ನಿಯಮ ಹೇಳುತ್ತದೆ. ಅಷ್ಟು ಇಳಿಯುತ್ತದೆ! ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೇ ಬೂಷ್ಟು ಬರುತ್ತದೆ. ಕಾರಿನ ಆಯಿಲ್ ಎರಡು ಮಳೆಗಾಲ ಕಳೆದಿತ್ತು. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ನಾವು ಒತ್ತಿದ ಬಲವೆಲ್ಲ ಆ ಗುಳ್ಳೆ ಕುಗ್ಗಿಸುವುದಕ್ಕೇ ಹೋಗುತ್ತದೆ. ಪ್ಯಾಡ್ ಸವೆದು ತೆಳ್ಳಗಾಗಿದ್ದರೆ ಬಿಸಿ ಇನ್ನೂ ಬೇಗ ಆಯಿಲಿಗೆ ತಲುಪುತ್ತದೆ. ಅರ್ಧಕ್ಕಿಂತ ಜಾಸ್ತಿ ಸವೆದ ಪ್ಯಾಡಿನಲ್ಲಿ ಟ್ರ್ಯಾಕಿಗೆ ಹೋಗಲೇಬೇಡಿ.

ಕಲ್ಲಿನಂಥ ಪೆಡಲ್ ಆದರೆ ಪ್ಯಾಡ್, ಮೆತ್ತನೆ ಪೆಡಲ್ ಆದರೆ ಆಯಿಲ್. ನಮ್ಮ ಗ್ಯಾರೇಜಿನ ಅಣ್ಣ ಹೇಳಿಕೊಟ್ಟ ಗುರುತು ಇದು. ಅವರು ಇದನ್ನು ಕಲಿತದ್ದು ಘಾಟಿಯ ಲಾರಿಗಳಿಂದ, ಜೀಪುಗಳಿಂದ.

ಹಾಗಾದರೆ ಪೂರ್ತಿ ರೇಸಿನ ಪ್ಯಾಡನ್ನೇ ಹಾಕಿಬಿಡಬಹುದಲ್ವಾ? ಗೆಳೆಯನೊಬ್ಬ ಹಾಗೇ ಮಾಡಿದ. ಆಗ ಜುಲೈ. ಬೆಳಿಗ್ಗೆ ಏಳು ಗಂಟೆ, ಜಿಟಿಜಿಟಿ ಮಳೆ, ಡಿಸ್ಕ್ ಒದ್ದೆ. ತೋಟದ ಗೇಟಿನ ಹತ್ತಿರ ಮೊದಲ ಬ್ರೇಕ್ ಒತ್ತಿದರೆ ಕಾರು ಗೇಟು ದಾಟಿ ನಾಲ್ಕು ಮಾರು ಮುಂದೆ ಹೋಗಿ ನಿಂತಿತು. ಪುಣ್ಯಕ್ಕೆ ಎದುರು ಯಾರೂ ಇರಲಿಲ್ಲ. ಕೆಲವು ರೇಸ್ ಪ್ಯಾಡುಗಳು 200 ಡಿಗ್ರಿ ದಾಟಿದ ಮೇಲೆ ಮಾತ್ರ ಸರಿಯಾಗಿ ಹಿಡಿಯುತ್ತವೆ. ಊರಿನಲ್ಲಿ, ಐ.ಜಿ. ರಸ್ತೆಯ ಟ್ರಾಫಿಕ್ಕಿನಲ್ಲಿ ಅಷ್ಟು ಬಿಸಿ ಬರುವುದೇ ಇಲ್ಲ. ತಣ್ಣಗಿರುವಾಗ ಅವು ಡಿಸ್ಕನ್ನು ಕೆರೆದು ತಿನ್ನುತ್ತವೆ, ಕಿವಿ ಚುಚ್ಚುವಂತೆ ಕಿರುಚುತ್ತವೆ. ಮಲೆನಾಡಿನ ಮಳೆಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಓಡಿಸುವ ಕಾರಿಗೆ ಅದು ಬೇಡವೇ ಬೇಡ. ಈ ವಿಷಯದಲ್ಲಿ ನನಗೆ ಎರಡನೇ ಅಭಿಪ್ರಾಯ ಇಲ್ಲ.

ಪ್ಯಾಡಿನ ಅಂಚಿನಲ್ಲಿ, ಇಲ್ಲವೇ ಹಿಂದಿನ ತಗಡಿನ ಮೇಲೆ ಎಷ್ಟೋ ಸಲ ಎರಡು ಅಕ್ಷರ ಒತ್ತಿರುತ್ತಾರೆ. ಎಫ್ ಎಫ್, ಜಿ ಜಿ, ಹೀಗೆ. ಮೊದಲನೆಯದು ಮಾಮೂಲು ಬಿಸಿಯಲ್ಲಿ ಎಷ್ಟು ಹಿಡಿಯುತ್ತದೆ ಅಂತ, ಎರಡನೆಯದು ಜಾಸ್ತಿ ಬಿಸಿಯಲ್ಲಿ ಎಷ್ಟು ಅಂತ. ಎಫ್ ಅಂದರೆ ಘರ್ಷಣೆಯ ಪ್ರಮಾಣ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಅಕ್ಷರ ನೋಡಿ ಮರುಳಾಗಬೇಡಿ. ಆ ಪರೀಕ್ಷೆಯಲ್ಲಿ "ಜಾಸ್ತಿ ಬಿಸಿ" ಅಂದರೆ ಸುಮಾರು 340 ಡಿಗ್ರಿವರೆಗೆ ಮಾತ್ರ. ಟ್ರ್ಯಾಕಿನ ಕಷ್ಟ ಶುರುವಾಗುವುದೇ ಅಲ್ಲಿಂದ. ಜೊತೆಗೆ, ಜಾಸ್ತಿ ಹಿಡಿಯುವ ಪ್ಯಾಡ್ ಹಾಕಿದರೆ ಕಾರು ಕಡಿಮೆ ದೂರದಲ್ಲಿ ನಿಲ್ಲುತ್ತದೆ ಅನ್ನುವುದೂ ಪೂರ್ತಿ ನಿಜ ಅಲ್ಲ. ಈಗಿರುವ ಪ್ಯಾಡಿನಲ್ಲೇ ಜೋರಾಗಿ ಒತ್ತಿದಾಗ ಎಬಿಎಸ್ (ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಗರಗರ ಅಂದರೆ, ಚಕ್ರ ನಿಲ್ಲಿಸುವಷ್ಟು ಬಲ ಈಗಾಗಲೇ ಇದೆ ಅಂತ ಅರ್ಥ. ಅದರಾಚೆಗೆ ಕಾರು ನಿಲ್ಲಿಸುವುದು ಟೈರು. ಒಳ್ಳೆ ಪ್ಯಾಡಿನಿಂದ ಸಿಗುವ ಲಾಭ ಬೇರೆ. ಮೊದಲ ಸುತ್ತಿನಲ್ಲಿ ಹಿಡಿದ ಹಾಗೇ ಹತ್ತನೇ ಸುತ್ತಿನಲ್ಲೂ ಅದು ಹಿಡಿಯುತ್ತದೆ.

ಹಿಂದಿನ ಚಕ್ರಗಳಿಗೂ ಡಿಸ್ಕ್ ಇರುವ ಕಾರಾದರೆ, ಹಿಂದೆ ಮಾತ್ರ ಜೋರು ಪ್ಯಾಡ್ ಹಾಕಿಸಬೇಡಿ. ಹಿಂದಿನ ಚಕ್ರ ಮೊದಲು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಸಣ್ಣ ಕಾರುಗಳಲ್ಲಿ ಹಿಂದೆ ಸಾಮಾನ್ಯವಾಗಿ ಡಿಸ್ಕಿನ ಬದಲು ಡ್ರಮ್ ಬ್ರೇಕ್ ಇರುತ್ತದೆ. ಅದರಲ್ಲಿ ಪ್ಯಾಡಿನ ಕೆಲಸ ಮಾಡುವ ಲೈನರ್ ಚೆನ್ನಾಗಿದೆಯಾ ಅಂತ ನೋಡಿಸಿದರೆ ಸಾಕು.

ನಾನು ಈಗ ಹಾಕಿಸಿರುವುದು ನಡುವಿನ ಬಗೆಯದು. ಚಳಿಯಲ್ಲಿ ಮೊದಲ ಒತ್ತಿಗೇ ಹಿಡಿಯುತ್ತದೆ, 550 ಡಿಗ್ರಿಯವರೆಗೂ ಬಿಡುವುದಿಲ್ಲ. ಬೆಲೆ ಜಾಸ್ತಿ, ಬೇಗ ಸವೆಯುತ್ತದೆ, ಚಕ್ರದ ತುಂಬ ಕಪ್ಪು ಪುಡಿ. ಮನೆ ಕಾರನ್ನೇ ಟ್ರ್ಯಾಕಿಗೆ ಒಯ್ಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಜೊತೆಗೆ ಹೊಸ ಬ್ರೇಕ್ ಆಯಿಲ್ ಹಾಕಿಸಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನಲ್ಲಿ ಸಿಕ್ಕಿಕೊಂಡ ಏರ್ ತೆಗೆಸುತ್ತೇನೆ. ಪಳಗಿಸುವುದಕ್ಕೆ ಬೆಳಗಿನ ಜಾವ ಖಾಲಿ ರಸ್ತೆ ಹುಡುಕುತ್ತೇನೆ. ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ವೇಗವನ್ನು 80ರಿಂದ 15ಕ್ಕೆ ಎಂಟು ಹತ್ತು ಸಲ ಇಳಿಸುವುದು. ಪೂರ್ತಿ ನಿಲ್ಲಿಸಬಾರದು. ಬಿಸಿ ಪ್ಯಾಡನ್ನು ನಿಂತ ಡಿಸ್ಕಿಗೆ ಒತ್ತಿ ಹಿಡಿದರೆ ಅಲ್ಲೇ ಒಂದು ಕಲೆ ಕೂರುತ್ತದೆ, ಆಮೇಲೆ ಪ್ರತಿ ಬ್ರೇಕಿಗೂ ಸ್ಟೇರಿಂಗ್ ಅದುರುತ್ತದೆ. ಡಿಸ್ಕ್ ಸೊಟ್ಟಗಾಗಿದೆ ಅಂತ ಬಿಸಾಡುವುದರಲ್ಲಿ ಎಷ್ಟೋ ಈ ಕಲೆಯ ಕೇಸುಗಳೇ. ಆಮೇಲೆ ಹತ್ತು ಹದಿನೈದು ನಿಮಿಷ ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ ಆರಿಸುತ್ತೇನೆ. ಇಳಿದು ನೋಡಿದರೆ ಕನ್ನಡಿಯಂತೆ ಹೊಳೆಯುತ್ತಿದ್ದ ಡಿಸ್ಕ್ ನೀಲಿ ಬೆರೆತ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಸುತ್ತಲೂ ಒಂದೇ ಸಮ.

ಟ್ರ್ಯಾಕಿನಲ್ಲೂ ಕೊನೆಯ ಸುತ್ತು ಹಾಗೇ, ಬ್ರೇಕಿಗೆ ಗಾಳಿ ಕುಡಿಸುವ ಸುತ್ತು. ಒಳಗೆ ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಮೊದಲ ಗೇರಿಗೆ ಹಾಕಿ, ಚಕ್ರಕ್ಕೆ ಒಂದು ಕಲ್ಲು ಕೊಟ್ಟು ದೂರ ಬರುತ್ತೇನೆ. ಅಲ್ಲಿಂದಲೇ ಕೇಳುತ್ತದೆ, ಡಿಸ್ಕ್ ಆರುತ್ತಾ ಟಿಕ್ ಟಿಕ್ ಅನ್ನುವ ಸದ್ದು. ಅದು ನಿಲ್ಲುವವರೆಗೆ ಕಾರಿನ ಹತ್ತಿರ ಹೋಗುವುದಿಲ್ಲ.