ಡ್ರೋನ್ ಪೈಲಟ್ ಆದಿರಿ, ಬೋರ್ಡೋ ಮಾಡಲು ಬರುತ್ತದಾ?

ಶಿವಮೊಗ್ಗದ ಸುತ್ತಮುತ್ತ ತೋಟ, ಗದ್ದೆಗಳಿಗೆ ಡ್ರೋನ್‌ನಿಂದ ಔಷಧ ಹೊಡೆಸುವ ಕೆಲಸ ನನ್ನದು. ಮಳೆಗಾಲ ಹತ್ತಿರ ಬಂದಂತೆ ಕೆಲಸ ಕೇಳಿ ಫೋನ್ ಮಾಡುವವರು ಜಾಸ್ತಿ. ಎಲ್ಲರ ಹತ್ತಿರವೂ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇರುತ್ತದೆ. ಅದಕ್ಕೆ 18 ವರ್ಷ ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಮಾನ್ಯತೆ ಇರುವ ಕಡೆ ತರಬೇತಿ ಮುಗಿಸಿರಬೇಕು. ಸಿಕ್ಕರೆ 10 ವರ್ಷ ನಡೆಯುತ್ತದೆ. ಅದು ಬೇಕೇ ಬೇಕು. ಆದರೆ ಅದೊಂದನ್ನೇ ನೋಡಿ ನಾನು ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಅಡಿಕೆಯ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡಲು ಬರುತ್ತದಾ ಎಂದು ಕೇಳುತ್ತೇನೆ.

ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಲೆಕ್ಕ ಎಲ್ಲರಿಗೂ ಬಾಯಿಪಾಠ. ಎರಡನ್ನೂ ಪ್ಲಾಸ್ಟಿಕ್ ಡ್ರಮ್‌ನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಸುರಿಯಬೇಕು. ಆಮೇಲೆ ಹೊಳೆಯುವ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಕಮ್ಮಿಯಾಗಿದೆ ಎಂದರ್ಥ. ಹಾಗೇ ಹೊಡೆದರೆ ಸೋಗೆ, ಅಂದರೆ ಅಡಿಕೆಯ ಗರಿ, ಸುಡುತ್ತದೆ. ಇನ್ನು ಬಟ್ಟೆಯಲ್ಲಿ ಸೋಸದೆ ಟ್ಯಾಂಕಿಗೆ ತುಂಬಿದರೆ ಸುಣ್ಣದ ಹರಳು ನಾಜಲ್‌ನಲ್ಲಿ ಕೂತುಬಿಡುತ್ತದೆ. ಡ್ರೋನ್ ಮೇಲಿರುತ್ತದೆ, ಒಂದು ಕಡೆ ಔಷಧ ಬೀಳುತ್ತಲೇ ಇರುವುದಿಲ್ಲ, ಕೆಳಗಿನವರಿಗೆ ಗೊತ್ತೂ ಆಗುವುದಿಲ್ಲ. ಈ ಕೆಲಸ ಬಲ್ಲವರು ಮೊದಲ ದಿನದಿಂದಲೇ ನನಗೆ ಬೇಕಾದವರು.

ಆದ್ದರಿಂದ ಮೊದಲ ಸೀಸನ್‌ಗೆ ಸಹಾಯಕರಾಗಿ ಸೇರಿಕೊಳ್ಳಿ. ಔಷಧ ಕಲಸಿ, ಬ್ಯಾಟರಿ ಬದಲಿಸಿ. ಹಾರಿ ಬಂದ ಬ್ಯಾಟರಿ ಬಿಸಿ ಆರುವ ಮೊದಲೇ ಚಾರ್ಜಿಗೆ ಹಾಕಬಾರದು ಎಂಬುದು ಇಲ್ಲೇ ಕೈಗೆ ಹತ್ತುತ್ತದೆ. ಅಮೆರಿಕದಲ್ಲಿ ವಿಮಾನದಿಂದ ಹೊಲಕ್ಕೆ ಔಷಧ ಹೊಡೆಯುವ ಕಡೆಯೂ ಎಷ್ಟೋ ಪೈಲಟ್‌ಗಳು ಶುರು ಮಾಡುವುದು ನೆಲದ ಮೇಲೆ ಔಷಧ ತುಂಬುತ್ತಲೇ.

ಹಾರಿಸಲು ಕೊಟ್ಟಾಗ ಅಡಿಕೆ ತೋಟಕ್ಕೆ ಹಟ ಹಿಡಿಯಬೇಡಿ. ಶಿಕಾರಿಪುರ, ಸೊರಬದ ಕಡೆಯ ಮೆಕ್ಕೆಜೋಳ, ಭದ್ರಾವತಿ ಕಡೆಯ ಭತ್ತದ ಬಯಲು ಕಲಿಯಲು ಒಳ್ಳೆಯ ಜಾಗ. ಬೆಳೆಯ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿ ನೇರ ಸಾಲು ಹಿಡಿದು ಹೋಗುವುದು ಅಲ್ಲಿ ಅಭ್ಯಾಸವಾಗುತ್ತದೆ. ತೀರ್ಥಹಳ್ಳಿ, ಹೊಸನಗರದ ತೋಟ ಹಾಗಲ್ಲ. ನೆಲ ಇಳಿಜಾರು, ಮಧ್ಯೆ ಹಲಸು, ಪಂಪ್‌ಸೆಟ್ಟಿಗೆ ಹೋದ ಕರೆಂಟ್ ತಂತಿ. ನಾಲ್ಕು ಮರ ದಾಟಿದರೆ ಡ್ರೋನ್ ಕಣ್ಣಿಗೇ ಕಾಣುವುದಿಲ್ಲ.

ಅಡಿಕೆಯ ವಿಚಾರದಲ್ಲಿ ರೈತರಿಗೆ ಸುಳ್ಳು ಹೇಳಬೇಡಿ. ಎಲೆಚುಕ್ಕೆ ರೋಗಕ್ಕೆ ನೆನೆಯಬೇಕಾದದ್ದು ಸೋಗೆ, ಅಲ್ಲಿ ಡ್ರೋನ್ ಉಪಯೋಗಕ್ಕೆ ಬರುತ್ತದೆ. ಕಾಯಿ ಕೊಳೆಯುವ ಕೊಳೆ ರೋಗಕ್ಕೆ ನೆನೆಯಬೇಕಾದದ್ದು ಗೊನೆ. ಅದು ಸೋಗೆಯ ಕೆಳಗಿರುತ್ತದೆ, ಮೇಲಿಂದ ಬಿದ್ದ ಹನಿ ಪೂರ್ತಿ ತಲುಪುವುದಿಲ್ಲ. ಮರ ಹತ್ತುವ ಕೊನೆಗಾರರು, ಕೆಳಗಿನಿಂದ ದೋಟಿ (ಉದ್ದನೆಯ ಕೋಲು) ಹಿಡಿದು ಹೊಡೆಯುವವರು ಗೊನೆ ನೋಡಿ ಹೊಡೆಯುತ್ತಾರೆ. ಕೊಳೆಗೆ ಡ್ರೋನ್ ಒಂದೇ ಸಾಕು ಎಂದು ಮಾತು ಕೊಡುವ ಪೈಲಟ್‌ಗೆ ಮುಂದಿನ ವರ್ಷ ಆ ಊರಲ್ಲಿ ಕೆಲಸ ಇರುವುದಿಲ್ಲ, ಅಲ್ವಾ?

ಹಾರಿಸುವ ಮುಂಚೆ ಡಿಜಿಟಲ್ ಸ್ಕೈ ನಕ್ಷೆ, ಅಂದರೆ ಎಲ್ಲಿ ಡ್ರೋನ್ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಆನ್‌ಲೈನ್ ನಕ್ಷೆ, ನೋಡುವ ರೂಢಿ ಇರಲಿ. ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡ. ಆದರೆ ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇದೆ. ಅದರ ಹತ್ತಿರದ ಊರುಗಳಿಗೆ ಆ ಲೆಕ್ಕ ಸಲ್ಲುವುದಿಲ್ಲ. ನಕ್ಷೆ ಆದಮೇಲೆ ತೋಟದ ಕೆಳಗಡೆ ಹಳ್ಳ, ಕೆರೆ ಇದೆಯಾ ನೋಡಿ. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ. ಪಕ್ಕದವರು ಜೇನುಪೆಟ್ಟಿಗೆ ಇಟ್ಟಿದ್ದಾರಾ ಎಂದೂ ಕೇಳಿ.

ಸಾಲ ಮಾಡಿ ಸ್ವಂತ ಡ್ರೋನ್ ತೆಗೆದುಕೊಳ್ಳುವುದು ಒಂದೆರಡು ಸೀಸನ್ ಆದಮೇಲೆ ಸಾಕು. ಮಲೆನಾಡಿನಲ್ಲಿ ಮಳೆ ಹಿಡಿದರೆ ದಿನಗಟ್ಟಲೆ ಹಾರಿಸುವಂತಿಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ. ಸಂಬಳಕ್ಕೆ ಸೇರುವಾಗಲೂ ಇದನ್ನು ಮೊದಲೇ ಮಾತಾಡಿಕೊಳ್ಳಿ. ಮಳೆಗೆ ಕೆಲಸ ನಿಂತ ದಿನ ಏನು ಕೊಡುತ್ತಾರೆ? ಡ್ರೋನ್ ಬಿದ್ದರೆ ಖರ್ಚು ಯಾರದು? ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ? ಸಂಕೋಚ ಬೇಡ, ಬರವಣಿಗೆಯಲ್ಲೇ ಕೇಳಿ.